ಸೋತ ಯುದ್ಧಕ್ಕೆ 221 ಅಡಿ ಎತ್ತರದ ಸ್ಮಾರಕ ಏಕೆ? ಬಂಕರ್ ಹಿಲ್ ಬಗ್ಗೆ ಒಂದು ಪ್ರಶ್ನೆ

ಕಲ್ಪತರು ತಾತ:
ಎಲ್ಲರಿಗೂ ನಮಸ್ಕಾರ. ಮಗಳ ಮನೆಗೆಂದು ಬಾಸ್ಟನ್‌ಗೆ ಬಂದು ಒಂದು ತಿಂಗಳಾಯಿತು. ಮೊನ್ನೆ ಮೊಮ್ಮಗ ನನ್ನನ್ನು ಚಾರ್ಲ್ಸ್‌ಟೌನ್‌ಗೆ ಕರೆದೊಯ್ದು ಬಂಕರ್ ಹಿಲ್ ಸ್ಮಾರಕವನ್ನು ಹತ್ತಿಸಿದ. 294 ಮೆಟ್ಟಿಲು. ಶ್ರವಣಬೆಳಗೊಳದ ಬೆಟ್ಟ ಏರಿದವನು ನಾನು ಎಂಬ ಜಂಬ ಇನ್ನೂರನೆಯ ಮೆಟ್ಟಿಲಿಗೆ ಬರುವಷ್ಟರಲ್ಲಿ ಇಳಿದುಹೋಗಿತ್ತು.

ಕೆಳಗೆ ಬಂದು ಸುಧಾರಿಸಿಕೊಂಡು ಅಲ್ಲಿನ ವಿವರ ಓದಿದಾಗ ತಲೆ ಕೆಟ್ಟಿತು. ಅಮೆರಿಕನ್ನರು ಸ್ವಾತಂತ್ರ್ಯಕ್ಕಾಗಿ ಬ್ರಿಟಿಷರೊಡನೆ ಕಾದಾಡಿದಾಗಿನ, 1775ರ ಜೂನ್ 17ರ ಯುದ್ಧವಂತೆ. ಹೆಸರು ಬಂಕರ್ ಹಿಲ್, ಆದರೆ ನಡೆದದ್ದು ಪಕ್ಕದ ಬ್ರೀಡ್ಸ್ ಹಿಲ್ ಮೇಲೆ. ಸ್ಮಾರಕ ನಿಂತಿರುವುದೂ ಬ್ರೀಡ್ಸ್ ಹಿಲ್ ಮೇಲೆಯೇ. ಅದೂ ಹೋಗಲಿ, ಅಂದು ಅಮೆರಿಕನ್ನರು ಸೋತು ಬೆಟ್ಟ ಬಿಟ್ಟು ಓಡಿದ್ದಾರೆ! ಸೋತ ಜಾಗದಲ್ಲಿ ಯಾರಾದರೂ ಇಷ್ಟು ದೊಡ್ಡ ಕಂಬ ನೆಡುತ್ತಾರೆಯೇ? ಮೊಮ್ಮಗನನ್ನು ಕೇಳಿದರೆ "ಅವರು ಸೋತರೂ ಗೆದ್ದರು ತಾತ" ಎನ್ನುತ್ತಾನೆ. ನಮ್ಮೂರಿನಲ್ಲಿ ಚುನಾವಣೆಯಲ್ಲಿ ಠೇವಣಿ ಕಳೆದುಕೊಂಡವರೂ ಇದೇ ಮಾತು ಹೇಳುತ್ತಾರೆ. ತಿಳಿದವರು ದಯವಿಟ್ಟು ಬಿಡಿಸಿ ಹೇಳಿ.

ಚಾರ್ಲ್ಸ್ ನದಿ:
ತಾತ, ನಾನಿರುವುದು ಅಲ್ಲಿಂದ ಎರಡು ಮೈಲಿ ದೂರದಲ್ಲಿ. ಹನ್ನೊಂದು ವರ್ಷಗಳಲ್ಲಿ ನೆಂಟರಿಗಾಗಿ ಒಂಬತ್ತು ಸಲ ಆ ಮೆಟ್ಟಿಲು ಹತ್ತಿದ್ದೇನೆ. ಈಗ "ನೀವು ಹತ್ತಿ ಬನ್ನಿ, ಕೈಚೀಲಗಳನ್ನು ನಾನು ನೋಡಿಕೊಳ್ಳುತ್ತೇನೆ" ಎನ್ನುತ್ತೇನೆ. ಈ ಕೌಂಟಿಯಲ್ಲಿ ಜೂನ್ 17 ಇಂದಿಗೂ ಆಚರಣೆಯ ದಿನ.

ಹಳೆಯ ಮೇಷ್ಟ್ರು:
ತಾತನವರ ಪ್ರಶ್ನೆ ಚೆನ್ನಾಗಿದೆ. ಸ್ವಲ್ಪ ಹಿಂದಿನಿಂದ ಹೇಳುತ್ತೇನೆ, ಬೇಸರ ಮಾಡಿಕೊಳ್ಳಬೇಡಿ.

ಆ ವರ್ಷದ ಏಪ್ರಿಲ್ 19ರಂದು ಲೆಕ್ಸಿಂಗ್ಟನ್ ಮತ್ತು ಕಾಂಕರ್ಡ್‌ನಲ್ಲಿ ಗುಂಡು ಹಾರಿತು. ಆಮೇಲೆ ಸುತ್ತಲ ಊರುಗಳ ರೈತರು, ಕಮ್ಮಾರರು, ಅಂಗಡಿಕಾರರು ತಮ್ಮ ತಮ್ಮ ಕೋವಿ ಹಿಡಿದು ಬಂದು ಬಾಸ್ಟನ್‌ಗೆ ಮುತ್ತಿಗೆ ಹಾಕಿದರು. ಒಳಗೆ ಜನರಲ್ ಗೇಜ್‌ನ ಬ್ರಿಟಿಷ್ ಸೇನೆ. ಮೇ ಕೊನೆಗೆ ಅವನಿಗೆ ನೆರವಾಗಲು ಹೋವ್, ಕ್ಲಿಂಟನ್, ಬರ್ಗೋಯ್ನ್ ಎಂಬ ಮೂವರು ಜನರಲ್‌ಗಳು ಒಂದೇ ಹಡಗಿನಲ್ಲಿ ಬಂದಿಳಿದರು. ಸುತ್ತಲಿನ ಗುಡ್ಡಗಳನ್ನು ಹಿಡಿಯುವುದು ಅವರ ಯೋಜನೆ. ಆ ಸುದ್ದಿ ಸೋರಿತು. ಜೂನ್ 16ರ ರಾತ್ರಿ ಕರ್ನಲ್ ವಿಲಿಯಂ ಪ್ರೆಸ್ಕಾಟ್ ಸುಮಾರು 1,200 ಜನರೊಂದಿಗೆ ಚಾರ್ಲ್ಸ್‌ಟೌನ್‌ಗೆ ಹೋದ. ಅವನಿಗಿದ್ದ ಆದೇಶ ಬಂಕರ್ ಹಿಲ್ ಹಿಡಿಯಬೇಕೆಂದು. ಅವರು ಅಗೆದದ್ದು ಅದಕ್ಕಿಂತ ಕುಳ್ಳಗಿದ್ದ, ಆದರೆ ಬಾಸ್ಟನ್‌ಗೆ ಹತ್ತಿರವಿದ್ದ ಬ್ರೀಡ್ಸ್ ಹಿಲ್ ಮೇಲೆ. ಬೆಳಗಾಗುವಷ್ಟರಲ್ಲಿ ಅಲ್ಲೊಂದು ಮಣ್ಣಿನ ಕೋಟೆ ಎದ್ದಿತ್ತು. ಆದೇಶದ ಹೆಸರೇ ಯುದ್ಧಕ್ಕೂ ಉಳಿದುಕೊಂಡಿತು.

ಮಧ್ಯಾಹ್ನ ಹೋವ್ ದೋಣಿಗಳಲ್ಲಿ ಸೈನ್ಯ ದಾಟಿಸಿ, ಮೂರು ಗಂಟೆಯ ಹೊತ್ತಿಗೆ ಬೆಟ್ಟ ಹತ್ತಿಸಿದ. ಚಾರ್ಲ್ಸ್‌ಟೌನ್ ಊರೇ ಬೆಂಕಿಯಲ್ಲಿ ಉರಿಯಿತು. ಬಾಸ್ಟನ್ ಜನ ಮನೆಗಳ ಮಾಡಿನ ಮೇಲೆ ಕುಳಿತು ನೋಡಿದರು. ಎರಡು ಸಲ ಬ್ರಿಟಿಷರು ಹಿಮ್ಮೆಟ್ಟಿದರು, ಮೂರನೆಯ ಸಲಕ್ಕೆ ಅಮೆರಿಕನ್ನರ ಮದ್ದು ಮುಗಿದಿತ್ತು. ಬೆಟ್ಟ ಬ್ರಿಟಿಷರ ಕೈ ಸೇರಿತು.

ಈಗ ಲೆಕ್ಕ ನೋಡಿ. ಗೆದ್ದವರಲ್ಲಿ 226 ಸಾವು, 828 ಮಂದಿಗೆ ಗಾಯ. ಸೋತವರಲ್ಲಿ ಸತ್ತವರು, ಗಾಯಗೊಂಡವರು, ಸೆರೆಯಾದವರು ಎಲ್ಲರೂ ಸೇರಿ ಸುಮಾರು 450. ಇಂಥ ಗೆಲುವು ಇನ್ನೊಂದು ಸಿಕ್ಕಿದ್ದರೆ ನಾವು ನಾಶವಾಗುತ್ತಿದ್ದೆವು ಎಂದು ಕ್ಲಿಂಟನ್ ಬರೆದುಕೊಂಡ. ಅಮೆರಿಕನ್ನರ ಕಡೆಯ ನಥಾನಿಯಲ್ ಗ್ರೀನ್ ಇದೇ ಬೆಲೆಗೆ ಇನ್ನೊಂದು ಬೆಟ್ಟ ಮಾರುವಂತಿದ್ದರೆ ಚೆನ್ನಾಗಿತ್ತು ಎಂದ. ತಾತ, ನಿಮ್ಮ ಮೊಮ್ಮಗ ಹೇಳಿದ್ದು ಇದನ್ನೇ.

ಅನುಮಾನ ರಾಯ:
ಮೇಷ್ಟ್ರೇ, ಗ್ರೀನ್‌ನ ಆ ಮಾತು ಹೇಳಿ ಎಲ್ಲರೂ ಚಪ್ಪಾಳೆ ಗಿಟ್ಟಿಸುತ್ತಾರೆ. ಮುಂದಿನ ಕತೆಯನ್ನೂ ಹೇಳಿ. ಮರುವರ್ಷ ನ್ಯೂಯಾರ್ಕ್‌ನ ಫೋರ್ಟ್ ವಾಷಿಂಗ್ಟನ್ ಕೋಟೆಯನ್ನು ಬಿಟ್ಟುಕೊಡಬಾರದು, ಉಳಿಸಿಕೊಳ್ಳಬಹುದು ಎಂದು ಹಟ ಹಿಡಿದವನು ಇದೇ ಗ್ರೀನ್. ನವೆಂಬರ್ 16ರಂದು ಕೋಟೆ ಬಿತ್ತು. 2,800ಕ್ಕೂ ಹೆಚ್ಚು ಜನ ಸೆರೆಯಾದರು. ಬೆಟ್ಟ ಮಾರುವ ವ್ಯಾಪಾರ ಎರಡನೆಯ ಸಲ ಗಿಟ್ಟಲಿಲ್ಲ.

ನನ್ನ ಪ್ರಕಾರ ಬಂಕರ್ ಹಿಲ್ ಅಮೆರಿಕನ್ನರಿಗೆ ತಪ್ಪು ಪಾಠ ಕಲಿಸಿತು. ತರಬೇತಿ ಬೇಡ, ಎದೆಗಾರಿಕೆ ಸಾಕು, ಮಣ್ಣುಗೋಡೆಯ ಹಿಂದೆ ನಿಂತರೆ ಯಾವ ಸೇನೆಯನ್ನಾದರೂ ತಡೆಯಬಹುದು ಎಂಬ ಭ್ರಮೆ ಹುಟ್ಟಿಸಿತು. 1776ರ ಆಗಸ್ಟ್‌ನಲ್ಲಿ ಲಾಂಗ್ ಐಲೆಂಡ್‌ನಲ್ಲಿ ಹೋವ್ ಸುತ್ತು ಹಾಕಿ ಹಿಂದಿನಿಂದ ಬಂದಾಗ ಆ ಭ್ರಮೆ ಒಡೆಯಿತು.

ಕೊಡಗಿನ ಕೋವಿ:
ಸೇನೆಯಲ್ಲಿ ಇಪ್ಪತ್ತನಾಲ್ಕು ವರ್ಷ ಇದ್ದವನು, ಎರಡು ಮಾತು.

ಆಗಿನ ಮಸ್ಕೆಟ್ ಕೋವಿಯ ನಳಿಗೆಯ ಒಳಗೆ ತಿರುಪು ಗೆರೆ ಇರಲಿಲ್ಲ. ನೂರು ಗಜದಾಚೆ ಗುರಿ ಎಂಬುದೇ ದೇವರ ಮೇಲೆ ಭಾರ. ನುರಿತವನು ನಿಮಿಷಕ್ಕೆ ಮೂರು ಸಲ ಹಾರಿಸಿದರೆ ಹೆಚ್ಚು. ಮದ್ದು ಕಡಿಮೆ ಇರುವವನು ಏನು ಮಾಡಬೇಕು? ಶತ್ರು ಮೂಗಿನ ಹತ್ತಿರ ಬರುವ ತನಕ ಕಾಯಬೇಕು. "ಕಣ್ಣಿನ ಬಿಳಿ ಕಾಣುವವರೆಗೆ ಗುಂಡು ಹಾರಿಸಬೇಡಿ" ಎಂಬ ಪ್ರಸಿದ್ಧ ಮಾತು ಇದೇ. ಅಮೆರಿಕನ್ನರ ಜನರಲ್ ಪುಟ್ನಮ್ ಹೇಳಿದ ಎನ್ನುವವರಿದ್ದಾರೆ, ಪ್ರೆಸ್ಕಾಟ್ ಎನ್ನುವವರಿದ್ದಾರೆ. ಯಾರೇ ಹೇಳಿರಲಿ, ಅದು ಉಳಿತಾಯದ ಮಾತು.

ಇನ್ನೊಂದು ವಿಷಯ. ಅಮೆರಿಕನ್ನರಲ್ಲಿ ಬಹುಪಾಲು ಜನರ ಕೋವಿಗೆ ಬಯೊನೆಟ್ ಇರಲಿಲ್ಲ. ಅವು ಹಕ್ಕಿ, ಮೊಲ ಹೊಡೆಯುವ ಮನೆಯ ಕೋವಿಗಳು. ಮದ್ದು ಮುಗಿದ ಮೇಲೆ ಆ ಕೋವಿ ಒಂದು ದೊಣ್ಣೆ, ಅಷ್ಟೇ. ಎದುರಿಗೆ ಬಯೊನೆಟ್ ಚಾಚಿಕೊಂಡು ಗೋಡೆ ಹತ್ತಿ ಬರುವವನಿದ್ದಾನೆ. ಓಡಿದರು ಎಂದು ಹೀಗಳೆಯಬೇಡಿ ತಾತ, ಅದು ಹಿಂತೆಗೆತ.

ಕಲ್ಪತರು ತಾತ:
ಹೀಗಳೆಯಲಿಲ್ಲ ಸ್ವಾಮಿ. ನನ್ನ ಮಂಡಿಯ ಪರಿಸ್ಥಿತಿಯಲ್ಲಿ ಓಡಬಲ್ಲವರನ್ನು ಕಂಡರೆ ಗೌರವವೇ ಹೆಚ್ಚು.

ಚಹಾಪ್ರಿಯ:
ಈ ಜಗಳ ಶುರುವಾದದ್ದೇ ನಮ್ಮ ಭಾರತದ ಚಹಾದಿಂದಲ್ಲವೇ? ಬಾಸ್ಟನ್ ಬಂದರಿನಲ್ಲಿ ಸಮುದ್ರಕ್ಕೆ ಎಸೆದದ್ದು ಅಸ್ಸಾಮಿನ ಚಹಾ ಎಂದು ಎಲ್ಲೋ ಕೇಳಿದ್ದೆ.

ಓದುಗಿ 27:
ಅಲ್ಲ. 1773ರ ಡಿಸೆಂಬರ್ 16ರಂದು ಎಸೆದದ್ದು ಚೀನಾದ ಚಹಾ. ಮಾಲೀಕರು ಮಾತ್ರ ನಮಗೆ ಪರಿಚಿತರು, ಈಸ್ಟ್ ಇಂಡಿಯಾ ಕಂಪನಿ. ಅಸ್ಸಾಮಿನಲ್ಲಿ ಚಹಾ ತೋಟಗಳು ಬಂದದ್ದು ಹತ್ತೊಂಬತ್ತನೆಯ ಶತಮಾನದಲ್ಲಿ.

ಚಹಾಪ್ರಿಯ:
ಸರಿ, ತಿದ್ದಿಕೊಂಡೆ. ಆದರೂ ಒಳ್ಳೆಯ ಚಹಾ ಹಾಳಾಯಿತಲ್ಲ ಎಂಬ ಸಂಕಟ ಹೋಗುವುದಿಲ್ಲ. ಉಪ್ಪುನೀರಿಗೆ ಸುರಿಯುವ ಬದಲು ಹಂಚಬಹುದಿತ್ತು.

ಕಿತ್ತೂರು ಕಡೆಯವನು:
ನನಗೆ ಇದೆಲ್ಲ ಓದಿದಾಗ ನೆನಪಾಗುವುದು ಕಿತ್ತೂರು. 1824ರ ಅಕ್ಟೋಬರ್ 23ರಂದು ಧಾರವಾಡದ ಕಲೆಕ್ಟರ್ ಥ್ಯಾಕರೆ ಕೋಟೆಯ ಮುಂದೆ ಸತ್ತ. ಇಬ್ಬರು ಬ್ರಿಟಿಷ್ ಅಧಿಕಾರಿಗಳು ಸೆರೆಯಾದರು. ಇದು ಸೋತು ಗೆದ್ದದ್ದಲ್ಲ, ಗೆದ್ದೇ ಗೆದ್ದದ್ದು. ಆದರೆ ಡಿಸೆಂಬರ್‌ನಲ್ಲಿ ಅವರು ದೊಡ್ಡ ಸೈನ್ಯ ತಂದರು, ಕೋಟೆ ಬಿತ್ತು. ರಾಣಿ ಚೆನ್ನಮ್ಮ 1829ರಲ್ಲಿ ಬೈಲಹೊಂಗಲದ ಸೆರೆಯಲ್ಲಿ ತೀರಿಕೊಂಡಳು. ಅಮೆರಿಕನ್ನರು ಮೊದಲ ದೊಡ್ಡ ಕಾಳಗ ಸೋತು ಯುದ್ಧ ಗೆದ್ದರು. ನಾವು ಮೊದಲ ಕಾಳಗ ಗೆದ್ದು ಯುದ್ಧ ಸೋತೆವು. ಹೀಗಿರುವಾಗ ಮೊದಲ ಕಾಳಗದ ಮಹತ್ವ ಮಹತ್ವ ಎಂದು ಏಕೆ ಬಡಿದುಕೊಳ್ಳಬೇಕು?

ಅನುಮಾನ ರಾಯ:
ಮೊದಲ ಸಲ ಈ ಎಳೆಯಲ್ಲಿ ನನ್ನ ಪರವಾಗಿ ಒಬ್ಬರು ಮಾತನಾಡಿದರು.

ಹಳೆಯ ಮೇಷ್ಟ್ರು:
ಹೋಲಿಕೆ ಆಕರ್ಷಕ, ಆದರೆ ಅಳತೆ ಬೇರೆ. ಕಿತ್ತೂರು ಒಂದೇ ಸಂಸ್ಥಾನ. ಅದರ ಬೆನ್ನಿಗೆ ಯಾರೂ ನಿಲ್ಲಲಿಲ್ಲ. 1824ರ ಹೊತ್ತಿಗೆ ಪೇಶ್ವೆಯೂ ಇರಲಿಲ್ಲ, ಟಿಪ್ಪುವೂ ಇರಲಿಲ್ಲ. ಇಲ್ಲಿ ಹದಿಮೂರು ವಸಾಹತುಗಳು. ಮ್ಯಾಸಚೂಸೆಟ್ಸ್‌ನ ಬೆಟ್ಟದ ಮೇಲೆ ಕನೆಕ್ಟಿಕಟ್‌ನವರು, ನ್ಯೂ ಹ್ಯಾಂಪ್‌ಶೈರ್‌ನವರು ಬಂದು ನಿಂತರು. ಯುದ್ಧಕ್ಕೆ ಎರಡು ದಿನ ಮೊದಲಷ್ಟೇ ಫಿಲಡೆಲ್ಫಿಯಾದಲ್ಲಿ ವಸಾಹತುಗಳ ಪ್ರತಿನಿಧಿ ಸಭೆಯಾದ ಕಾಂಗ್ರೆಸ್ಸು ವರ್ಜೀನಿಯಾದ ವಾಷಿಂಗ್ಟನ್‌ನನ್ನು ಸೇನಾಪತಿಯಾಗಿ ಆರಿಸಿತ್ತು. ಅವನು ಬಾಸ್ಟನ್ ಹೊರವಲಯಕ್ಕೆ ಬಂದಿಳಿದದ್ದು ಜುಲೈ 2ರಂದು. ಅಷ್ಟರಲ್ಲಿ ಬೆಟ್ಟ ಕೈಬಿಟ್ಟಿತ್ತು, ಆದರೆ ಮುತ್ತಿಗೆ ಮುರಿದಿರಲಿಲ್ಲ. ಕಿತ್ತೂರಿಗೆ ಅಂಥ ಎರಡನೆಯ ಸಾಲು ಇರಲಿಲ್ಲ ಎಂಬುದೇ ವ್ಯತ್ಯಾಸ. ಚೆನ್ನಮ್ಮನ ಧೈರ್ಯ ಕಡಿಮೆಯಿತ್ತೆಂದು ಯಾರೂ ಹೇಳುತ್ತಿಲ್ಲ.

ಕಿತ್ತೂರು ಕಡೆಯವನು:
ಹಾಗೆ ಹೇಳಿದರೆ ಒಪ್ಪುತ್ತೇನೆ ಮೇಷ್ಟ್ರೇ. ಧೈರ್ಯದ ಮಾತು ಬಂದಿದ್ದರೆ ಈ ಎಳೆ ಇನ್ನೂ ಇನ್ನೂರು ಉತ್ತರ ಓಡುತ್ತಿತ್ತು.

ದಂತವೈದ್ಯೆ:
ಯಾರೂ ಡಾಕ್ಟರ್ ಜೋಸೆಫ್ ವಾರನ್ ಬಗ್ಗೆ ಹೇಳಲಿಲ್ಲವಲ್ಲ! ಬಾಸ್ಟನ್‌ನ ಹೆಸರುವಾಸಿ ವೈದ್ಯ. ಮೇಜರ್ ಜನರಲ್ ಹುದ್ದೆಗೆ ಆಯ್ಕೆಯಾಗಿ ಮೂರೇ ದಿನವಾಗಿತ್ತು. ಆದರೂ ಆಜ್ಞೆ ಮಾಡುವ ಬದಲು ಸಾಮಾನ್ಯ ಸ್ವಯಂಸೇವಕನಂತೆ ಕೋವಿ ಹಿಡಿದು ಪ್ರೆಸ್ಕಾಟ್‌ನ ಕೋಟೆಯೊಳಗೆ ನಿಂತ. ಕೊನೆಯ ಗಳಿಗೆಯಲ್ಲಿ ಗುಂಡು ತಗುಲಿ ಸತ್ತ. ಅವನನ್ನು ಬ್ರಿಟಿಷರು ಅಲ್ಲಿಯೇ ಹೂತರು.

ಮರುವರ್ಷ ಬ್ರಿಟಿಷರು ಬಾಸ್ಟನ್ ಬಿಟ್ಟ ಮೇಲೆ ಮನೆಯವರು ಶವ ಹುಡುಕಿದರು. ಗುರುತು ಹಿಡಿದದ್ದು ಪಾಲ್ ರೆವಿಯರ್. ಬೆಳ್ಳಿ ಕೆಲಸದ ಜೊತೆಗೆ ಹಲ್ಲಿನ ಕೆಲಸವನ್ನೂ ಮಾಡುತ್ತಿದ್ದವನು. ವಾರನ್‌ಗೆ ತಾನೇ ಕಟ್ಟಿಕೊಟ್ಟಿದ್ದ ಕೃತಕ ಹಲ್ಲನ್ನು ನೋಡಿ ಇವನೇ ಎಂದ. ಹಲ್ಲಿನಿಂದ ಶವ ಗುರುತಿಸುವ ಪಾಠ ಬಂದಾಗಲೆಲ್ಲ ನಮ್ಮ ಪ್ರೊಫೆಸರರು ಈ ಕತೆ ಹೇಳುತ್ತಿದ್ದರು. ಪರೀಕ್ಷೆಯಲ್ಲಿ ಮಾತ್ರ ಒಮ್ಮೆಯೂ ಕೇಳಲಿಲ್ಲ.

ಪಶ್ಚಿಮವಾಹಿನಿ:
ಕಿತ್ತೂರಿನವರು ಬಂದ ಮೇಲೆ ಶ್ರೀರಂಗಪಟ್ಟಣದವನು ಸುಮ್ಮನಿರಲು ಆಗುತ್ತದೆಯೇ?

ಬಂಕರ್ ಹಿಲ್ ನಮಗೆ ದೂರದ ಕತೆ ಎಂದುಕೊಳ್ಳಬೇಡಿ. ಆ ದಿನ ಐದನೆಯ ಕಾಲಾಳು ರೆಜಿಮೆಂಟಿನ ಗ್ರೆನೇಡಿಯರ್ ತುಕಡಿಯನ್ನು ನಡೆಸಿದ ಕ್ಯಾಪ್ಟನ್ ಹೆಸರು ಜಾರ್ಜ್ ಹ್ಯಾರಿಸ್. ಮಣ್ಣುಗೋಡೆಯ ಹತ್ತಿರ ಅವನ ತಲೆಗೆ ಗುಂಡು ತಗುಲಿತು. ತಲೆಬುರುಡೆಗೆ ಶಸ್ತ್ರಚಿಕಿತ್ಸೆ ಮಾಡಿ ಬದುಕಿಸಿದರು. ಅದೇ ಹ್ಯಾರಿಸ್ ಇಪ್ಪತ್ತನಾಲ್ಕು ವರ್ಷಗಳ ನಂತರ ಜನರಲ್ ಆಗಿ ಮದ್ರಾಸಿನಿಂದ ಸೈನ್ಯ ತಂದು ನಮ್ಮ ಪಟ್ಟಣಕ್ಕೆ ಮುತ್ತಿಗೆ ಹಾಕಿದ. 1799ರ ಮೇ 4ರಂದು ಟಿಪ್ಪು ಸತ್ತದ್ದು ಆ ಮುತ್ತಿಗೆಯಲ್ಲಿ.

ಇನ್ನೂ ಇದೆ. ಹ್ಯಾರಿಸ್ ಬಿದ್ದಾಗ ತುಕಡಿಯನ್ನು ಮುಂದೆ ನಡೆಸಿದವನು ಅವನ ಕೈಕೆಳಗಿದ್ದ ಲೆಫ್ಟಿನೆಂಟ್, ಲಾರ್ಡ್ ರಾಡನ್. ಅವನ ಟೋಪಿಯನ್ನು ಎರಡು ಗುಂಡುಗಳು ತೂರಿ ಹೋದವು, ತಲೆಗೆ ಏನೂ ಆಗಲಿಲ್ಲ. ಮುಂದೆ ಅವನೇ ಮಾರ್ಕ್ವಿಸ್ ಆಫ್ ಹೇಸ್ಟಿಂಗ್ಸ್. 1813ರಿಂದ 1823ರವರೆಗೆ ಗವರ್ನರ್ ಜನರಲ್. ಪೇಶ್ವೆಯನ್ನು ಮುಗಿಸಿ ಧಾರವಾಡ, ಬೆಳಗಾವಿಗಳನ್ನು ಕಂಪನಿಗೆ ಸೇರಿಸಿದ್ದು ಅವನ ಕಾಲದಲ್ಲಿ. ಕಿತ್ತೂರಿನವರೇ, ಥ್ಯಾಕರೆ ನಿಮ್ಮ ಬಾಗಿಲಿಗೆ ಬರಲು ದಾರಿ ಮಾಡಿದವನು ಅದೇ ಬೆಟ್ಟದಿಂದ ಜೀವಂತವಾಗಿ ಇಳಿದವನು. ಒಂದೇ ತುಕಡಿಯ ಇಬ್ಬರು!

ಕಿತ್ತೂರು ಕಡೆಯವನು:
ಅಬ್ಬಾ. ಇದು ನನಗೆ ಗೊತ್ತಿರಲಿಲ್ಲ. ಟೋಪಿಯನ್ನು ಬಿಟ್ಟು ನಾಲ್ಕು ಬೆರಳು ಕೆಳಗೆ ಗುರಿ ಇಟ್ಟಿದ್ದರೆ?

ಕೊಡಗಿನ ಕೋವಿ:
ಬೆಟ್ಟದ ಮೇಲಿನಿಂದ ಕೆಳಕ್ಕೆ ಹೊಡೆಯುವವನ ಗುಂಡು ಯಾವಾಗಲೂ ಮೇಲಕ್ಕೇ ಹೋಗುತ್ತದೆ. ಗುರಿಯನ್ನು ತಗ್ಗಿಸಬೇಕು. ಬೇಟೆಗೆ ಹೋದವರಿಗೆಲ್ಲ ಗೊತ್ತು.

ಅನುಮಾನ ರಾಯ:
ಹ್ಯಾರಿಸ್ ಇಲ್ಲದಿದ್ದರೆ ಕಂಪನಿ ಇನ್ನೊಬ್ಬನನ್ನು ಕಳುಹಿಸುತ್ತಿತ್ತು. ಯಾರ್ಕ್‌ಟೌನ್‌ನಲ್ಲಿ ಸೋತು ಶರಣಾದ ಕಾರ್ನ್‌ವಾಲಿಸ್‌ನನ್ನೇ ಕಳುಹಿಸಿ 1792ರಲ್ಲಿ ಮೈಸೂರಿನ ಅರ್ಧ ರಾಜ್ಯ ಕಿತ್ತುಕೊಂಡವರು ಅವರು. ಅಮೆರಿಕದಲ್ಲಿ ಮುಗ್ಗರಿಸಿದವರಿಗೆಲ್ಲ ನಮ್ಮ ನೆಲವೇ ಪುನರ್ವಸತಿ ಕೇಂದ್ರವಾಗಿತ್ತು ಎಂದು ಕಾಣುತ್ತದೆ. ತಾತನವರ ಪ್ರಶ್ನೆಗೆ ಹಿಂದಿರುಗೋಣವೇ?

ಪಶ್ಚಿಮವಾಹಿನಿ:
ಹಿಂದಿರುಗುವ ಮೊದಲು ಒಂದೇ ಮಾತು. ಅಮೆರಿಕನ್ನರಿಗೂ ನಮ್ಮ ನೆನಪಿತ್ತು. ಪೆನ್ಸಿಲ್ವೇನಿಯಾದವರು ತಮ್ಮ ಒಂದು ಯುದ್ಧನೌಕೆಗೆ ಹೈದರಾಲಿಯ ಹೆಸರನ್ನೇ ಇಟ್ಟಿದ್ದರು. 1782ರ ಏಪ್ರಿಲ್‌ನಲ್ಲಿ ಅದು ಡೆಲವೇರ್ ಕೊಲ್ಲಿಯಲ್ಲಿ 'ಜನರಲ್ ಮಂಕ್' ಎಂಬ ಬ್ರಿಟಿಷ್ ಹಡಗನ್ನು ಹಿಡಿಯಿತು. ಈಗ ಮುಂದುವರಿಸಿ.

ಹಳೆಯ ಮೇಷ್ಟ್ರು:
ರಾಯರೇ, ತಪ್ಪು ಪಾಠದ ವಿಚಾರದಲ್ಲಿ ನಿಮ್ಮ ಮಾತು ಅರ್ಧ ನಿಜ. ಆದರೆ ಪಾಠ ಕಲಿತವರು ಎರಡೂ ಕಡೆ ಇದ್ದರು. ಬ್ರಿಟಿಷರು ಏನು ಮಾಡಿದರು ನೋಡಿ.

ಗೇಜ್‌ನ ವರದಿ ಲಂಡನ್ ಮುಟ್ಟಿದ್ದು ಜುಲೈ ಕೊನೆಯಲ್ಲಿ. ಕೆಲವೇ ದಿನಗಳಲ್ಲಿ ಅವನನ್ನು ಹಿಂದಕ್ಕೆ ಕರೆಸುವ ತೀರ್ಮಾನವಾಯಿತು. ಆಗಸ್ಟ್ 23ರಂದು ದೊರೆ ಮೂರನೆಯ ಜಾರ್ಜ್ ವಸಾಹತುಗಳು ದಂಗೆ ಎದ್ದಿವೆ ಎಂದು ಘೋಷಣೆ ಹೊರಡಿಸಿದ. ಜುಲೈನಲ್ಲಿ ಕಾಂಗ್ರೆಸ್ಸು ರಾಜಿಗಾಗಿ ಬರೆದ ಮನವಿಯನ್ನು ಅವನು ಮುಟ್ಟಲೇ ಇಲ್ಲ. ಆಮೇಲೆ ಜರ್ಮನಿಯ ಸಂಸ್ಥಾನಗಳಿಂದ ಬಾಡಿಗೆ ಸೈನಿಕರನ್ನು ತರಿಸಿದರು. ಯುದ್ಧ ಮುಗಿಯುವಷ್ಟರಲ್ಲಿ ಹಾಗೆ ಬಂದವರು ಸುಮಾರು 30,000. ಏಪ್ರಿಲ್‌ನ ಲೆಕ್ಸಿಂಗ್ಟನ್ ಗುಂಡು ಹಾರಾಟವನ್ನು ಇನ್ನೂ ಪೊಲೀಸು ಗಲಾಟೆಯಂತೆ ನೋಡಬಹುದಿತ್ತು. ಒಂದು ಮಧ್ಯಾಹ್ನದಲ್ಲಿ ಸಾವಿರ ಜನ ಬಿದ್ದ ಮೇಲೆ ಅದು ಯುದ್ಧವೇ. ಹಿಂದಿರುಗುವ ಸೇತುವೆ ಅಂದೇ ಕುಸಿಯಿತು ಎಂಬುದು ನನ್ನ ಅಭಿಪ್ರಾಯ.

ಇನ್ನು ಹೋವ್. ಅಂದು ಅವನ ಸುತ್ತ ಇದ್ದ ಅಧಿಕಾರಿಗಳು ಒಬ್ಬೊಬ್ಬರಾಗಿ ಬಿದ್ದರು. 1776ರ ಮಾರ್ಚ್‌ನಲ್ಲಿ ಅಮೆರಿಕನ್ನರು ಅದೇ ತಂತ್ರವನ್ನು ಡಾರ್ಚೆಸ್ಟರ್ ದಿಣ್ಣೆಗಳ ಮೇಲೆ ಮಾಡಿದರು. ಈ ಸಲ ಟೈಕಾಂಡೆರೋಗಾ ಕೋಟೆಯಿಂದ ಹೆನ್ರಿ ನಾಕ್ಸ್ ಹಿಮದಲ್ಲಿ ಎಳೆದು ತಂದ ಫಿರಂಗಿಗಳೂ ಇದ್ದವು. ಹೋವ್ ದಾಳಿಗೆ ಸಿದ್ಧನಾದ, ಬಿರುಗಾಳಿ ಬಂತು, ಕೈಬಿಟ್ಟ. ಮಾರ್ಚ್ 17ರಂದು ಬಾಸ್ಟನ್ ಖಾಲಿಯಾಯಿತು.

ಅನುಮಾನ ರಾಯ:
ಬಿರುಗಾಳಿ ಎಂದು ನೀವೇ ಹೇಳಿದಿರಿ. ಗಾಳಿ ತಡೆದದ್ದನ್ನು ಬಂಕರ್ ಹಿಲ್‌ನ ಖಾತೆಗೆ ಜಮಾ ಮಾಡಬೇಡಿ.

ಹಳೆಯ ಮೇಷ್ಟ್ರು:
ಸರಿ, ಬ್ರೂಕ್ಲಿನ್‌ನಲ್ಲಿ ಯಾವ ಬಿರುಗಾಳಿ? ನೀವು ಹೇಳಿದ ಅದೇ ಲಾಂಗ್ ಐಲೆಂಡ್ ಯುದ್ಧದಲ್ಲಿ ಗೆದ್ದ ಹೋವ್, ಅಮೆರಿಕನ್ನರ ಕಟ್ಟಕಡೆಯ ಕಂದಕಗಳ ಮುಂದೆ ನಿಂತುಬಿಟ್ಟ. ನೇರವಾಗಿ ನುಗ್ಗಲಿಲ್ಲ. ಎರಡು ರಾತ್ರಿ ಕಳೆದು ವಾಷಿಂಗ್ಟನ್ ಇಡೀ ಸೈನ್ಯವನ್ನು ದೋಣಿಗಳಲ್ಲಿ ದಾಟಿಸಿ ಪಾರಾದ. ಮಣ್ಣುಗೋಡೆ ಕಂಡರೆ ಹೋವ್‌ಗೆ ಆ ಜೂನ್ ಮಧ್ಯಾಹ್ನ ನೆನಪಾಗುತ್ತಿತ್ತು.

ಅನುಮಾನ ರಾಯ:
ಹಾಗಿದ್ದರೆ ಮೂರೇ ತಿಂಗಳಲ್ಲಿ ಫೋರ್ಟ್ ವಾಷಿಂಗ್ಟನ್ ಮೇಲೆ ಏಕೆ ನುಗ್ಗಿದ? ಅಲ್ಲಿಯೂ ಬೆಟ್ಟ, ಅಲ್ಲಿಯೂ ಗೋಡೆ. ನೆನಪು ಆ ದಿನ ರಜೆಯಲ್ಲಿತ್ತೇ?

ಕೊಡಗಿನ ಕೋವಿ:
ರಾಯರೇ, ಅಲ್ಲಿ ಕಡಿದಾದ ಕಡೆಯಿಂದ ಹತ್ತಿದವರು ಬಾಡಿಗೆಗೆ ತಂದ ಜರ್ಮನರು. ಬೇರೆಯವರ ಮಕ್ಕಳನ್ನು ಬೆಟ್ಟ ಹತ್ತಿಸುವುದು ಸುಲಭ.

ಅಂದಹಾಗೆ, ಬಂಕರ್ ಹಿಲ್‌ನಲ್ಲಿ ಹೋವ್‌ಗೆ ಬೇರೆ ದಾರಿ ಇತ್ತು ಎಂಬುದನ್ನು ಯಾರೂ ಎತ್ತಲಿಲ್ಲ. ಚಾರ್ಲ್ಸ್‌ಟೌನ್ ಒಂದು ಪರ್ಯಾಯ ದ್ವೀಪ. ಒಳನಾಡಿಗೆ ಅದನ್ನು ಸೇರಿಸುವುದು ಒಂದು ಸಣ್ಣ ಕೊರಳಿನಂಥ ನೆಲಪಟ್ಟಿ. ನೌಕಾಬಲ ಇದ್ದವರು ಅಲ್ಲಿ ಇಳಿದು ಕೊರಳು ಹಿಸುಕಿದ್ದರೆ ಮೇಲಿದ್ದವರು ಹಸಿವು, ಬಾಯಾರಿಕೆಯಿಂದಲೇ ಇಳಿಯುತ್ತಿದ್ದರು. ಕ್ಲಿಂಟನ್ ಇದನ್ನು ಹೇಳಿದ, ಯಾರೂ ಕೇಳಲಿಲ್ಲ.

ಹೋವ್ ಬರೀ ಎದುರಿನಿಂದ ಹೋಗಲಿಲ್ಲ, ಅದನ್ನೂ ಹೇಳಬೇಕು. ಮಿಸ್ಟಿಕ್ ನದಿಯ ದಂಡೆಯ ಮರಳಿನಲ್ಲಿ ಹಗುರ ಕಾಲಾಳುಗಳನ್ನು ಕಳುಹಿಸಿ ಪಕ್ಕದಿಂದ ಸುತ್ತುವರಿಯಲು ನೋಡಿದ. ಅಲ್ಲಿ ನ್ಯೂ ಹ್ಯಾಂಪ್‌ಶೈರ್‌ನ ಜಾನ್ ಸ್ಟಾರ್ಕ್ ನೀರಿನವರೆಗೆ ಕಲ್ಲು ಜೋಡಿಸಿ ಗೋಡೆ ಮಾಡಿ ಕಾದಿದ್ದ. ಮೇಲಿನ ಹುಲ್ಲುಗಾವಲಿನಲ್ಲಿ ಮರದ ಬೇಲಿಗೆ ಒಣಹುಲ್ಲು ತುರುಕಿ ನಿಂತ ಇನ್ನೊಂದು ಸಾಲು. ಹುಲ್ಲು ಗುಂಡನ್ನು ತಡೆಯುವುದಿಲ್ಲ, ಆದರೆ ಹಿಂದೆ ನಿಂತವನ ಎದೆಗೆ ಧೈರ್ಯ ಕೊಡುತ್ತದೆ. ನದಿದಂಡೆಯ ದಾಳಿ ಅಲ್ಲಿಯೇ ಮುಗಿಯಿತು. ಇದರ ಮೇಲೆ ಬ್ರಿಟಿಷರ ಆರು ಪೌಂಡಿನ ಫಿರಂಗಿಗಳಿಗೆ ಹನ್ನೆರಡು ಪೌಂಡಿನ ಗುಂಡುಗಳು ಬಂದಿದ್ದವು! ಆ ಸಾಮಾನು ತುಂಬಿಸಿದವನನ್ನು ನಾನು ಸುಬೇದಾರನಾಗಿದ್ದಾಗ ಕಂಡಿದ್ದರೆ...

ಓದುಗಿ 27:
ಎಲ್ಲರೂ ಜನರಲ್‌ಗಳ ಬಗ್ಗೆಯೇ ಬರೆಯುತ್ತಿದ್ದೀರಿ. ಆ ಗೋಡೆಯ ಹಿಂದೆ ಕಪ್ಪು ಜನರೂ ಇದ್ದರು. ಬ್ರಿಟಿಷರ ಮೇಜರ್ ಪಿಟ್‌ಕೇರ್ನ್‌ನನ್ನು ಹೊಡೆದುರುಳಿಸಿದವನು ಪೀಟರ್ ಸೇಲಂ ಎಂದು ಪ್ರತೀತಿ. ಗುಲಾಮನಾಗಿದ್ದು ಬಿಡುಗಡೆ ಪಡೆದವನು. ಸೇಲಂ ಪೂರ್ ಎಂಬ ಇನ್ನೊಬ್ಬನ ಶೌರ್ಯವನ್ನು ಮೆಚ್ಚಿ 14 ಅಧಿಕಾರಿಗಳು ಸಹಿ ಹಾಕಿ ಮನವಿ ಬರೆದರು. ಪ್ರೆಸ್ಕಾಟ್‌ನ ಸಹಿಯೂ ಇದೆ.

ಆದರೆ ಆ ಮನವಿಯ ತಿಂಗಳನ್ನು ಗಮನಿಸಿ, 1775ರ ಡಿಸೆಂಬರ್. ಅದಕ್ಕೆ ಕೆಲವೇ ವಾರಗಳ ಮೊದಲು ವಾಷಿಂಗ್ಟನ್‌ನ ಸೇನೆ ಕಪ್ಪು ಜನರನ್ನು ಸೇರಿಸಿಕೊಳ್ಳಬಾರದೆಂದು ಆದೇಶ ಹೊರಡಿಸಿತ್ತು! ಡಿಸೆಂಬರ್ ಕೊನೆಗೆ ಸ್ವತಂತ್ರರಾದ ಕಪ್ಪು ಸೈನಿಕರಿಗೆ ಮತ್ತೆ ಅವಕಾಶ ಕೊಟ್ಟರು. ಸ್ವಾತಂತ್ರ್ಯದ ಹೆಸರಿನ ಯುದ್ಧದಲ್ಲಿ ಮೊದಲ ಆರು ತಿಂಗಳಿಗೇ ಈ ಪ್ರಶ್ನೆ ಎದ್ದಿತು. ಮೇಷ್ಟ್ರೇ, ನಿಮ್ಮ "ಮಹತ್ವ"ದ ಪಟ್ಟಿಯಲ್ಲಿ ಇದು ಏಕೆ ಇಲ್ಲ?

ಹಳೆಯ ಮೇಷ್ಟ್ರು:
ಇರಬೇಕಿತ್ತು ತಾಯಿ. ಮೂವತ್ತೆರಡು ವರ್ಷ ಪಾಠ ಮಾಡಿದ ಪುಸ್ತಕದಲ್ಲಿ ಇರಲಿಲ್ಲ, ನಾನೂ ಹುಡುಕಲಿಲ್ಲ.

ಚಾರ್ಲ್ಸ್ ನದಿ:
ತಾತನ ಮೂಲ ಪ್ರಶ್ನೆ ಕಂಬದ್ದು, ಅದನ್ನು ಎಲ್ಲರೂ ಮರೆತಿರಿ. ಅಡಿಗಲ್ಲು ಇಟ್ಟದ್ದು 1825ರ ಜೂನ್ 17ರಂದು, ಐವತ್ತನೆಯ ವರ್ಷಕ್ಕೆ. ಸ್ವಾತಂತ್ರ್ಯ ಯುದ್ಧದಲ್ಲಿ ಅಮೆರಿಕನ್ನರ ಪರ ಹೋರಾಡಿದ್ದ ಮುದುಕ ಲಾಫಯೆಟ್ ಫ್ರಾನ್ಸಿನಿಂದ ಬಂದಿದ್ದ. ಯುದ್ಧದಲ್ಲಿದ್ದ ಹಣ್ಣು ಹಣ್ಣು ಮುದುಕರೂ ಎದುರಿಗೆ ಕುಳಿತಿದ್ದರು. ದುಡ್ಡು ಸಾಲದೆ ಕೆಲಸ ನಿಂತು ನಿಂತು ನಡೆದು, ಉದ್ಘಾಟನೆಯಾದದ್ದು 1843ರಲ್ಲಿ. ಕ್ವಿನ್ಸಿಯಿಂದ ಗ್ರಾನೈಟ್ ಸಾಗಿಸಲೆಂದೇ ಒಂದು ರೈಲುದಾರಿ ಹಾಕಿದರು, ಕುದುರೆ ಎಳೆಯುವ ರೈಲು. ನಮ್ಮೂರಿನ ಸಮುದಾಯ ಭವನ ಹದಿನೆಂಟು ವರ್ಷವಾದರೂ ಮುಗಿದಿಲ್ಲ ಎಂದು ಯಾರಾದರೂ ಬೈದರೆ ನಾನು ಈ ಉದಾಹರಣೆ ಕೊಡುತ್ತೇನೆ.

ಪಶ್ಚಿಮವಾಹಿನಿ:
ಶ್ರೀರಂಗಪಟ್ಟಣದಲ್ಲಿಯೂ ಅಂಥದ್ದೇ ಮೊನಚು ಕಂಬ ಇದೆ, ಬಹಳ ಚಿಕ್ಕದು. 1799ರ ಮುತ್ತಿಗೆಯಲ್ಲಿ ಸತ್ತ ಕಂಪನಿಯ ಕಡೆಯವರಿಗಾಗಿ 1907ರಲ್ಲಿ ಮೈಸೂರು ಸರ್ಕಾರ ನಿಲ್ಲಿಸಿದ್ದು. ಅಲ್ಲಿ ಸೋತವರು ಕಂಬ ಕಟ್ಟಿದರು, ಇಲ್ಲಿ ಗೆದ್ದವರಿಗೆ ಕಂಬ ಸಿಕ್ಕಿತು. ಪ್ರವಾಸಿಗರು ಅದರ ನೆರಳಿನಲ್ಲಿ ಕುಳಿತು ಬುತ್ತಿ ಬಿಚ್ಚುತ್ತಾರೆ.

ಚಹಾಪ್ರಿಯ:
ಬುತ್ತಿಗೆ ಏನಿರುತ್ತದೆ?

ನಿರ್ವಾಹಕ:
ಚಹಾಪ್ರಿಯರೇ, ಊಟ ತಿಂಡಿಗೆ ಬೇರೆ ವಿಭಾಗವಿದೆ.

ಕಲ್ಪತರು ತಾತ:
ಎಲ್ಲರಿಗೂ ಧನ್ಯವಾದ. ಒಂದು ಕಂಬದ ಪ್ರಶ್ನೆಗೆ ಇಷ್ಟು ಬರುತ್ತದೆಂದು ನಾನು ಎಣಿಸಿರಲಿಲ್ಲ. ಹ್ಯಾರಿಸ್‌ನ ಕತೆಯನ್ನು ಮೊಮ್ಮಗನಿಗೆ ಹೇಳಿದೆ. ಅವನು ಸ್ವಲ್ಪ ಹೊತ್ತು ಸುಮ್ಮನಿದ್ದು, "ಹಾಗಾದರೆ ಗುಂಡು ಹೊಡೆದವನಿಗೆ ಆ ತಲೆ ಯಾರದೆಂದು ಗೊತ್ತೇ ಇರಲಿಲ್ಲವೇ ತಾತ?" ಎಂದ. ಇರಲಿಲ್ಲ ಮರಿ ಎಂದೆ. ಶಾಲೆಯ ಯೋಜನೆಗೆ ಶ್ರೀರಂಗಪಟ್ಟಣವನ್ನೂ ಸೇರಿಸುತ್ತಾನಂತೆ. ಪಶ್ಚಿಮವಾಹಿನಿಯವರೇ, ಆ ಕಂಬದ ಒಂದು ಫೋಟೋ ಕಳುಹಿಸಿದರೆ ಉಪಕಾರವಾಗುತ್ತದೆ.

ಅನುಮಾನ ರಾಯರೇ, ನಿಮ್ಮ ಮಾತೂ ನನಗೆ ಹಿಡಿಸಿತು. ಆದರೆ 294 ಮೆಟ್ಟಿಲು ಹತ್ತಿದ ಮೇಲೆ ಆ ಯುದ್ಧಕ್ಕೆ ಮಹತ್ವ ಇಲ್ಲ ಎಂದು ಒಪ್ಪಲು ನನ್ನ ಮಂಡಿಗಳು ಬಿಡುತ್ತಿಲ್ಲ.

ಪಶ್ಚಿಮವಾಹಿನಿ:
ನಾಳೆ ಬೆಳಗ್ಗೆ ಸ್ನಾನಕ್ಕೆ ಹೋದಾಗ ತೆಗೆದು ಹಾಕುತ್ತೇನೆ ತಾತ.

ಚಾರ್ಲ್ಸ್ ನದಿ:
ತಾತ, ಶನಿವಾರ ಬಿಡುವಿದ್ದರೆ ಹೇಳಿ, ಡಾರ್ಚೆಸ್ಟರ್ ದಿಣ್ಣೆಗೆ ಕರೆದೊಯ್ಯುತ್ತೇನೆ. ಕಾರು ಮೇಲಿನವರೆಗೂ ಹೋಗುತ್ತದೆ.

ಕಲ್ಪತರು ತಾತ:
ಬರುತ್ತೇನಮ್ಮ. ಅಲ್ಲಿಯೂ ಕಂಬ ಇದ್ದರೆ ಕೈಚೀಲಗಳನ್ನು ನೋಡಿಕೊಳ್ಳುವ ಸರದಿ ನನ್ನದು.